ಸಾಂಟಾ ಫೆ: ಮೊದಲು ಊರು, ಆಮೇಲೆ ಬೆಟ್ಟ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಾಜಧಾನಿ ಸಾಂಟಾ ಫೆ ಅದಕ್ಕಿಂತ ಮೇಲಿದೆ. ಸುಮಾರು 7,000 ಅಡಿ, ಅಂದರೆ 2,130 ಮೀಟರಿನಷ್ಟು. ಅಲ್ಲಿ ಬೆಳಗ್ಗೆ ಕಾಫಿ ಕುಡಿಯಲು ಬೀದಿಗೆ ಬಂದರೂ ನೀವು ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರದಲ್ಲಿ ನಿಂತಿರುತ್ತೀರಿ. ಆ ಊರಿಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನನಗೆ ಇದು ಪೆಟ್ಟು ತಿಂದು ಗೊತ್ತಾದದ್ದು. ಮೊದಲ ಸಲ ಡಲ್ಲಾಸಿನಿಂದ ಒಬ್ಬನೇ ಹೋಗಿದ್ದೆ. ಬೆಳಗ್ಗೆ ಆಲ್ಬುಕರ್ಕಿಯಲ್ಲಿ ವಿಮಾನ ಇಳಿದು, ಬಾಡಿಗೆ ಕಾರಿನಲ್ಲಿ ನೂರು ಕಿಲೋಮೀಟರ್ ಓಡಿಸಿ, ಮಧ್ಯಾಹ್ನವೇ ಅಟಲಾಯ ಬೆಟ್ಟ ಹತ್ತಲು ಹೊರಟೆ. ಅದರ ತುದಿ 9,121 ಅಡಿ. ಅರ್ಧ ದಾರಿಯಲ್ಲೇ ತಲೆ ಸಿಡಿಯತೊಡಗಿತು. ಉಸಿರು ಸಾಲುತ್ತಿರಲಿಲ್ಲ. ವಾಪಸ್ ಇಳಿದೆ. ಮರುದಿನ ಪೂರ್ತಿ ರೂಮಿನಲ್ಲೇ ಕಳೆಯಿತು.

ಎರಡನೇ ಸಲ ಅಮ್ಮನನ್ನು ಕರೆದುಕೊಂಡು ಹೋದೆ. ಸೆಪ್ಟೆಂಬರ್ ಕೊನೆಯ ವಾರ. ಅಮ್ಮನಿಗೆ 64, ಬಿಪಿ ಇದೆ. ಡಾಕ್ಟರನ್ನು ಕೇಳಿಯೇ ಟಿಕೆಟ್ ತೆಗೆದದ್ದು. ಎತ್ತರಕ್ಕೆ ಮೈ ಹೊಂದಿಕೊಳ್ಳಲಿ ಅಂತ ಈ ಸಲ ಲೆಕ್ಕ ಬದಲಾಯಿಸಿದೆ. ಮೊದಲ ಎರಡು ದಿನ ಊರು ಮಾತ್ರ. ಮೂರನೇ ದಿನ ಕಣಿವೆ. ನಾಲ್ಕನೇ ದಿನ ಬೆಟ್ಟ. ಅಲ್ಲಿ ಗಾಳಿ ತುಂಬ ಒಣ, ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಹಾಗಾಗಿ ಬಾಯಾರಿಕೆ ಇರಲಿ ಬಿಡಲಿ, ಗಂಟೆಗೊಮ್ಮೆ ಇಬ್ಬರೂ ನೀರು ಕುಡಿಯುತ್ತಿದ್ದೆವು. ಹಗಲು ಚುರುಕು ಬಿಸಿಲು, ಸಂಜೆಯಾದರೆ ಸ್ವೆಟರ್ ಬೇಕು. ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನದ ಗುಡುಗು ಮಳೆ ಜಾಸ್ತಿ. ಬೆಟ್ಟದ ಮೇಲಿದ್ದರೆ ಸಿಡಿಲಿನ ಭಯ. ಸೆಪ್ಟೆಂಬರ್ ಕೊನೆಗೆ ಆ ಕಾಟ ಕಡಿಮೆ.

ಊರಿನ ನಡುವೆ ಪ್ಲಾಜಾ ಅನ್ನುವ ಚೌಕ. ಅದರ ಒಂದು ಪಕ್ಕಕ್ಕೆ ಉದ್ದಕ್ಕೂ ಪಡಸಾಲೆ ಇರುವ ಮಣ್ಣಿನ ಕಟ್ಟಡ. 1610ರ ಹೊತ್ತಿಗೆ ಸ್ಪೇನಿನವರು ಊರು ಕಟ್ಟಿದಾಗ ರಾಜ್ಯಪಾಲರಿಗಾಗಿ ಎಬ್ಬಿಸಿದ್ದು. 1680ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಪ್ವೆಬ್ಲೊ ಜನ ಒಟ್ಟಾಗಿ ದಂಗೆ ಎದ್ದು ಸ್ಪೇನಿನವರನ್ನು ಓಡಿಸಿದರು. ಹನ್ನೆರಡು ವರ್ಷ ಅವರಿಗೆ ವಾಪಸ್ ಬರಲಾಗಲಿಲ್ಲ. ಇವತ್ತು ಅದೇ ಪಡಸಾಲೆಯ ಗೋಡೆಗೆ ಒರಗಿ ಮೂಲನಿವಾಸಿ ಕಸುಬುದಾರರು ಕೂತಿರುತ್ತಾರೆ. ಮುಂದೆ ಬಟ್ಟೆ ಹಾಸಿ ಬೆಳ್ಳಿ ಒಡವೆ, ಹಸಿರು ನೀಲಿ ಟರ್ಕಾಯ್ಸ್ ಕಲ್ಲಿನ ಸರ, ಮಡಕೆ ಇಟ್ಟುಕೊಂಡಿರುತ್ತಾರೆ. ತಾವೋ ತಮ್ಮ ಮನೆಯವರೋ ಮಾಡಿದ್ದನ್ನಷ್ಟೇ ಅಲ್ಲಿ ಮಾರಬಹುದು. ಅಮ್ಮ ಒಂದು ಜೊತೆ ಓಲೆ ಎತ್ತಿ ಹಿಂದೆ ತಿರುಗಿಸಿ ನೋಡಿದರು. ಬೆಳ್ಳಿಯ ಮೇಲೆ ಸಣ್ಣ ಗುರುತು ಒತ್ತಿತ್ತು. ಅದು ಮಾಡಿದವರ ಅಚ್ಚು. ಮಾರುತ್ತಿದ್ದ ಹೆಂಗಸು ಚೀಲದಿಂದ ಒಂದು ಉಕ್ಕಿನ ಮೊಳೆಯಂಥದ್ದನ್ನು ತೆಗೆದು ಅಮ್ಮನ ಅಂಗೈ ಮೇಲಿಟ್ಟರು. ಅದರ ತುದಿಯಲ್ಲಿ ಅದೇ ಗುರುತು! ಮಾಡಿದವರೇ ಎದುರಿಗೆ ಕೂತಿರುವಾಗ ಚೌಕಾಸಿ ಮಾಡಲು ನನಗೆ ಮನಸ್ಸು ಬರಲಿಲ್ಲ. ನೀವೂ ಮಾಡಬೇಡಿ. ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ.

ಅಮ್ಮನಿಗೆ ಒಡವೆಗಿಂತ ಹಿಡಿಸಿದ್ದು ಗೋಡೆಗಳು. ಅವರು ಮುಳಬಾಗಿಲಿನ ಹತ್ತಿರದ ಹಳ್ಳಿಯವರು, ಮಣ್ಣಿನ ಮನೆಯಲ್ಲಿ ಬೆಳೆದವರು. ಕ್ಯಾನ್ಯನ್ ರೋಡ್ ಅಂತ ಆರ್ಟ್ ಗ್ಯಾಲರಿಗಳ ಬೀದಿ ಇದೆ. ಅದರ ಮೇಲ್ತುದಿಯಲ್ಲಿ ಕ್ರಿಸ್ಟೊ ರೇ ಚರ್ಚು. 1940ರಲ್ಲಿ ಸುಮಾರು 1,80,000 ಅಡೋಬಿ ಇಟ್ಟಿಗೆಯಿಂದ ಕಟ್ಟಿದ್ದು. ಅಡೋಬಿ ಅಂದರೆ ಮಣ್ಣು, ಮರಳು, ಹುಲ್ಲು ಕಲಸಿ ಅಚ್ಚಿಗೆ ಹಾಕಿ ಬಿಸಿಲಿಗೆ ಒಣಗಿಸಿದ್ದು. "ಹಸಿ ಇಟ್ಟಿಗೆ ಅನ್ನು. ಅಷ್ಟು ದೊಡ್ಡ ಹೆಸರು ಯಾಕೆ?" ಅಂದರು ಅಮ್ಮ. ಊರಿನಲ್ಲಿ ಕಾಣುವುದೆಲ್ಲ ನಿಜವಾದ ಮಣ್ಣಲ್ಲ. ಹಳೆಯ ಪೇಟೆಯ ಕಟ್ಟಡಗಳು ಹೀಗೇ ಕಾಣಬೇಕು ಅಂತ 1957ರಲ್ಲಿ ಕಾನೂನು ಮಾಡಿದರು. ಹಾಗಾಗಿ ಎಷ್ಟೋ ಕಟ್ಟಡಗಳಿಗೆ ಮಣ್ಣಿನ ಬಣ್ಣದ ಗಾರೆ ಮಾತ್ರ. ಅಮ್ಮ ಗೋಡೆಗೆ ಬೆರಳಿನಿಂದ ತಟ್ಟಿ ಇದು ಮಣ್ಣು, ಇದು ಸಿಮೆಂಟು ಅಂತ ಹೇಳುತ್ತಾ ನಡೆದರು.

ಕ್ಯಾನ್ಯನ್ ರೋಡಿಗೆ ಹತ್ತಿರವೇ ಅಸೇಕಿಯಾ ಮಾದ್ರೆ ಅನ್ನುವ ಬೀದಿ. ರಸ್ತೆ ಪಕ್ಕಕ್ಕೆ ಕಲ್ಲು ಕಟ್ಟಿದ ಒಂದು ಸಣ್ಣ ಕಾಲುವೆ. ಬೋರ್ಡು ಓದದೆ ಹೋದರೆ ಸುಮ್ನೆ ಚರಂಡಿ ಅಂದುಕೊಳ್ಳುತ್ತೀರಿ. ಸ್ಪೇನಿನವರ ಕಾಲದಿಂದ ಹೊಲ, ತೋಟಕ್ಕೆ ನೀರು ಹರಿಸಿದ ತಾಯಿಕಾಲುವೆ ಅದು. ಇಂಥ ಕಾಲುವೆಗಳಿಗೆ ನ್ಯೂ ಮೆಕ್ಸಿಕೊದಲ್ಲಿ ಈಗಲೂ ಮಯೋರ್ದೋಮೊ ಅಂತ ಒಬ್ಬರು ಇರುತ್ತಾರೆ. ಯಾರ ಜಮೀನಿಗೆ ಯಾವಾಗ ಎಷ್ಟು ನೀರು ಅಂತ ನೋಡಿಕೊಳ್ಳುವವರು. ವಸಂತ ಬಂದಾಗ ಪಾಲುದಾರರೆಲ್ಲ ಸೇರಿ ಹೂಳು ಎತ್ತುತ್ತಾರೆ. ನಾನು ಇದನ್ನು ಹೇಳಿ ಮುಗಿಸುವ ಮೊದಲೇ ಅಮ್ಮ "ನಮ್ಮ ನೀರುಗಂಟಿ!" ಅಂದರು. ನಾವು ಹೋದಾಗ ಕಾಲುವೆ ಒಣಗಿತ್ತು. ಆದರೂ ಅಮ್ಮ ಅಲ್ಲಿಂದ ಬೇಗ ಏಳಲಿಲ್ಲ. ತಮ್ಮೂರಿನ ಕೆರೆ, ತೂಬು, ನೀರುಗಂಟಿಯ ಮನೆಗೆ ಸುಗ್ಗಿಯಲ್ಲಿ ಅಳೆದುಕೊಡುತ್ತಿದ್ದ ರಾಗಿ, ಎಲ್ಲಾ ಹೇಳಿದರು. ಇಷ್ಟು ವರ್ಷದಲ್ಲಿ ನಾನು ಕೇಳಿರದ ಮಾತುಗಳು.

ಮ್ಯೂಸಿಯಂ ಒಂದೇ ನೋಡಲು ಸಮಯವಿದ್ದರೆ ಮ್ಯೂಸಿಯಂ ಹಿಲ್‌ನಲ್ಲಿರುವ ಜಾನಪದ ಕಲೆಯ ಮ್ಯೂಸಿಯಂ ನೋಡಿ. ಅಲೆಕ್ಸಾಂಡರ್ ಗಿರಾರ್ಡ್ ಅನ್ನುವ ವಿನ್ಯಾಸಕಾರ ಜಗತ್ತಿನ ನೂರರಷ್ಟು ದೇಶಗಳಿಂದ ಕೂಡಿಟ್ಟ ಲಕ್ಷಕ್ಕೂ ಜಾಸ್ತಿ ಗೊಂಬೆ, ಆಟಿಕೆ, ಬಟ್ಟೆಗಳು ಅಲ್ಲಿಗೆ ಸೇರಿವೆ. ಅದರಲ್ಲಿ ಸುಮಾರು ಹತ್ತು ಸಾವಿರ ನೋಡಲು ಸಿಗುತ್ತವೆ. ಭಾರತದವೂ ಇವೆ. ದಸರಾ ಗೊಂಬೆ ಕೂರಿಸುವ ಮನೆಯವರು ಅಲ್ಲಿಂದ ಒಂದು ಗಂಟೆಯಲ್ಲಿ ಹೊರಬರುವುದು ಕಷ್ಟ. ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಅವರ ಮ್ಯೂಸಿಯಂ ಕೂಡ ನೋಡಿದೆವು. ಚಿಕ್ಕದು, ಚೆನ್ನಾಗಿದೆ.

ಊಟದಲ್ಲಿ ಹುಷಾರು. ನಾವು ಸಸ್ಯಾಹಾರಿಗಳು. ಬೀನ್ಸ್ ಕಾಳಿಗೆ ಹಂದಿ ಕೊಬ್ಬು, ಮೆಣಸಿನಕಾಯಿ ಸಾಸಿಗೆ ಮಾಂಸ ಹಾಕುವುದು ಅಲ್ಲಿ ಮಾಮೂಲು. ಪ್ರತಿ ಕಡೆ ಕೇಳಿಯೇ ಆರ್ಡರ್ ಮಾಡಿದೆವು. ಕೆಂಪು ಬೇಕೋ ಹಸಿರು ಬೇಕೋ ಅಂತ ಕೇಳುತ್ತಾರೆ, ಮೆಣಸಿನಕಾಯಿಯದ್ದು. ಎರಡೂ ಬೇಕಿದ್ದರೆ ಕ್ರಿಸ್‌ಮಸ್ ಅನ್ನಬೇಕು. ಆ ದಿನಗಳಲ್ಲಿ ಹಸಿ ಮೆಣಸಿನಕಾಯಿಯನ್ನು ಜಾಲರಿಯ ಡ್ರಮ್ಮಿನಲ್ಲಿ ತಿರುಗಿಸುತ್ತಾ ಗ್ಯಾಸ್ ಉರಿಯಲ್ಲಿ ಸುಡುತ್ತಾರೆ. ಘಾಟು ಬೀದಿಯ ಕೊನೆಯವರೆಗೂ. ಅರ್ಧ ಕಿಲೋ ತಂದೆವು. ಅಮ್ಮ ಬದನೆಕಾಯಿ ಸುಟ್ಟಾಗ ಮಾಡುವ ಹಾಗೇ ಸಿಪ್ಪೆ ಸುಲಿದು, ಕಿವುಚಿ, ಮೊಸರು ಉಪ್ಪು ಹಾಕಿ ಗೊಜ್ಜು ಮಾಡಿದರು. ಅಮೆರಿಕ ಖಂಡದ ಮೆಣಸಿನಕಾಯಿಯೇ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂದದ್ದು ಅಲ್ವಾ. ಮನೆಗಳ ಬಾಗಿಲಲ್ಲಿ ಕೆಂಪು ಕಾಯಿಯ ಗೊಂಚಲು ನೇತಾಡುವುದನ್ನು ಕಂಡಾಗಲೆಲ್ಲ ಬ್ಯಾಡಗಿ ನೆನಪಾಯಿತು.

ಮೂರನೇ ದಿನ ಬ್ಯಾಂಡಲಿಯರ್, ಹಳೆಯ ಗವಿಮನೆಗಳಿರುವ ಕಣಿವೆ. ಸಾಂಟಾ ಫೆಯಿಂದ ಒಂದು ಗಂಟೆ ದಾರಿ. ನಾವು ಹೋದಾಗ ಹಗಲು ಹೊತ್ತು ಕಾರು ಒಳಗೆ ಬಿಡುತ್ತಿರಲಿಲ್ಲ. ವೈಟ್ ರಾಕ್ ಊರಿನಲ್ಲಿ ಕಾರು ನಿಲ್ಲಿಸಿ ಬಸ್ಸಿನಲ್ಲಿ ಹೋದೆವು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆ ಕಲ್ಲಿನ ಬಂಡೆಗಳು. ಅದನ್ನು ಕೊರೆದು ಪ್ವೆಬ್ಲೊ ಜನರ ಪೂರ್ವಜರು ಸುಮಾರು ನಾನೂರು ವರ್ಷ ಅಲ್ಲಿ ಬದುಕಿದ್ದರು. ಸಣ್ಣ ಏಣಿ ಹತ್ತಿ ಒಂದು ಗವಿಕೋಣೆಯ ಒಳಗೆ ಕೂತೆವು. ಸೂರಿನ ಮೇಲೆ ಒಲೆಯ ಮಸಿ ಇನ್ನೂ ಕಪ್ಪಾಗಿ ಹಾಗೇ ಇದೆ. ಆ ಜನ ಕಾಣೆಯಾದರು ಅಂತ ಎಷ್ಟೋ ಪ್ರವಾಸಿಗರು ಹೇಳುತ್ತಾರೆ. ಅದು ತಪ್ಪು. ಅವರ ಮಕ್ಕಳು ಮರಿ ಈಗಲೂ ಹತ್ತಿರದಲ್ಲೇ ರಿಯೊ ಗ್ರಾಂಡೆ ನದಿಯ ಕಡೆ ಊರು ಕಟ್ಟಿಕೊಂಡು ಇದ್ದಾರೆ. ಗೋಡೆ ಕೆರೆಯಬೇಡಿ, ಮಡಕೆ ಚೂರು ಎತ್ತಿಕೊಳ್ಳಬೇಡಿ. ಕಣಿವೆಯ ತಳದಿಂದ 140 ಅಡಿ ಮೇಲಿರುವ ಆಲ್ಕೋವ್ ಹೌಸ್ ಅನ್ನುವ ಗವಿಗೆ ನಾಲ್ಕು ಉದ್ದನೆಯ ಮರದ ಏಣಿ. ಅಲ್ಲಿಗೆ ನಾನೊಬ್ಬನೇ ಹತ್ತಿದೆ. ಈ ಸಲ ತಲೆನೋವು ಬರಲಿಲ್ಲ.

ಕೊನೆಯ ದಿನ ಆಸ್ಪೆನ್ ವಿಸ್ಟಾ ಅನ್ನುವ ಬೆಟ್ಟದ ಕಾಲುದಾರಿ. ಊರಿಂದ ಮೇಲಕ್ಕೆ ಅರ್ಧ ಗಂಟೆ, ಸುಮಾರು 10,000 ಅಡಿ. ಶನಿವಾರ, ಭಾನುವಾರ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ನಾವು ವಾರದ ದಿನ ಬೆಳಗ್ಗೆಯೇ ಹೋದೆವು. ಅಗಲವಾದ ಮಣ್ಣು ದಾರಿ, ಏರು ಕಡಿಮೆ. ಐವತ್ತು ಹೆಜ್ಜೆ ನಡೆದು ನಿಲ್ಲುವುದು, ಮತ್ತೆ ಐವತ್ತು. ಹಾಗೆ ಒಂದು ಕಿಲೋಮೀಟರ್ ಹೋಗಿರಬಹುದು. ಎರಡೂ ಕಡೆ ಬಿಳಿ ಕಾಂಡದ ಆಸ್ಪೆನ್ ಮರಗಳು, ಪೂರ್ತಿ ಅರಿಶಿನದ ಬಣ್ಣ. ಆಸ್ಪೆನ್ ಎಲೆಯ ತೊಟ್ಟು ಚಪ್ಪಟೆಯಾಗಿರುತ್ತದೆ. ಅದಕ್ಕೇ ಸ್ವಲ್ಪ ಗಾಳಿಗೂ ಎಲೆಗಳು ಪಟಪಟ ಅನ್ನುತ್ತವೆ. ಅಮ್ಮ ಒಂದು ಬಂಡೆ ಮೇಲೆ ಕೂತು ಕಣ್ಣು ಮುಚ್ಚಿದರು. ಆಯಾಸವಾಯಿತೇನೋ ಅಂತ ನೀರಿನ ಬಾಟಲಿ ತೆಗೆದೆ.

"ಏನಿಲ್ಲ ಕಣೋ, ಸ್ವಲ್ಪ ಸುಮ್ಮನಿರು. ನಮ್ಮ ಅರಳಿಕಟ್ಟೆ ಮೇಲೆ ಕೂತ ಹಾಗೇ ಕೇಳ್ತಾ ಇದೆ."