ಮೂಳೆ, ಕೀಲು, ಸ್ನಾಯು: ವಿದ್ಯಾರ್ಥಿಗೆ ಎಷ್ಟು ಗೊತ್ತು ಎಂದು ಅಳೆಯುವ ಬಗೆ

ವೈದ್ಯಕೀಯ ವಿದ್ಯಾರ್ಥಿಗೆ ಇವುಗಳ ಬಗ್ಗೆ ಎಷ್ಟು ಗೊತ್ತು ಎಂದು ಅಳೆಯಲು 25 ಕಿರು ಉತ್ತರದ ಪ್ರಶ್ನೆ ಸಾಕು. ಈ ಮಾದರಿಯನ್ನು 1998ರಲ್ಲಿ ಪ್ರಕಟಿಸಿದವರು ಅಮೆರಿಕದ ಫ್ರೀಡ್‌ಮನ್ ಮತ್ತು ಬರ್ನ್‌ಸ್ಟೈನ್. ಆಗಷ್ಟೇ ಪದವಿ ಮುಗಿಸಿ ಆಸ್ಪತ್ರೆ ಸೇರಿದ 85 ವೈದ್ಯರು ಅದನ್ನು ಬರೆದರು, ಪಾಸಾಗಲು ಶೇ. 73.1 ಬೇಕಿತ್ತು, 70 ಮಂದಿ ನಪಾಸಾದರು. ಪಾಸ್ ಗೆರೆ ಎಳೆದವರು ಮೂಳೆ ವೈದ್ಯರು, ಅದಕ್ಕೇ ಬಿಗಿಯಾಯಿತು ಎನ್ನುವಂತಿಲ್ಲ. 2002ರಲ್ಲಿ ಜನರಲ್ ಮೆಡಿಸಿನ್ ಮುಖ್ಯಸ್ಥರು ಶೇ. 70 ಸಾಕು ಎಂದರು, ಆ ಗೆರೆಗೂ ಅದೇ 85 ಮಂದಿಯಲ್ಲಿ ಶೇ. 78 ನಪಾಸು.

ಉತ್ತರಕ್ಕೆ ನಾಲ್ಕು ಆಯ್ಕೆ ಕೊಡಬೇಡಿ. ‘ಸ್ಕಾಫಾಯ್ಡ್’ (ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆಯ ಪುಟ್ಟ ಮೂಳೆ) ಎಂಬ ಪದ ಕಣ್ಣಿಗೆ ಬಿದ್ದರೆ ಗೊತ್ತಿಲ್ಲದವರೂ ಗುರುತು ಹಾಕಿಬಿಡುತ್ತಾರೆ. ಹೀಗೆ ಕೇಳಿ: ಯುವಕ ಕೈಯೂರಿ ಬಿದ್ದಿದ್ದಾನೆ, ಹೆಬ್ಬೆರಳ ಬುಡದ ಗುಳಿಯಲ್ಲಿ ಒತ್ತಿದರೆ ನೋವು, ಎಕ್ಸ್‌ರೇಯಲ್ಲಿ ಏನೂ ಕಾಣುತ್ತಿಲ್ಲ. ಮುಂದೇನು? ಸ್ಕಾಫಾಯ್ಡ್ ಮುರಿತದ ಶಂಕೆಗೆ ಅರ್ಧ ಅಂಕ. ಕೈ ಅಲುಗದಂತೆ ಕಟ್ಟಿ 10–14 ದಿನಕ್ಕೆ ಮತ್ತೆ ಎಕ್ಸ್‌ರೇ, ಇಲ್ಲವೇ ಎಂಆರ್‌ಐ ಎಂದರೆ ಇನ್ನರ್ಧ. ‘ಉಳುಕು, ನೋವಿನ ಮಾತ್ರೆ’ ಎಂದರೆ ಸೊನ್ನೆ. ಈ ಮೂಳೆಗೆ ರಕ್ತ ಬೆರಳಿನ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತದೆ. ತಡವಾದರೆ ಮೊಣಕೈ ಕಡೆಯ ತುಂಡು ಸಾಯಬಹುದು.

ಪ್ರಾಣ, ಅಂಗಕ್ಕೆ ಕುತ್ತಾಗುವ ವಿಷಯಗಳು ಬಿಟ್ಟುಹೋಗಬಾರದು: ಕೀವು ತುಂಬಿದ ಕೀಲು, ಮೂತ್ರ ಕಟ್ಟಿದ ಬೆನ್ನುನೋವು, ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಕೈಕಾಲಿನ ಸ್ನಾಯುಗಳ ಸುತ್ತ ಒತ್ತಡ ಏರಿ ರಕ್ತ ಹರಿಯದಾಗುವ ಸ್ಥಿತಿ). ಕೊನೆಯದರಲ್ಲಿ ‘ನಾಡಿ ಸಿಗುತ್ತಿದೆ, ಚಿಂತೆಯಿಲ್ಲ’ ಎಂಬ ಉತ್ತರ ಬಂದರೆ ಕೆಂಪು ಗೆರೆ ಎಳೆಯಿರಿ. ನಾಡಿ ನಿಲ್ಲುವುದು ಬಹಳ ತಡವಾಗಿ. ಗಾಯಕ್ಕೆ ಮೀರಿದ ನೋವು, ಬೆರಳನ್ನು ನಾವು ಹಿಗ್ಗಿಸಿದಾಗ ಹೆಚ್ಚುವ ನೋವು ಮೊದಲ ಸೂಚನೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಇದೇ ಪ್ರಶ್ನೆಯನ್ನು ರಾತ್ರಿ ಪಾಳಿಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡ ರೋಗಿಯ ರೂಪದಲ್ಲಿ ಕೊಡಿ.

ಅಂಕದ ಕೀಲಿಯನ್ನು, ಅಂದರೆ ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬ ಪಟ್ಟಿಯನ್ನು, ಪರೀಕ್ಷೆಗೆ ಮೊದಲೇ ಬರೆದಿಡಿ. ಪಾಸ್ ಗೆರೆಯನ್ನು ನಾಲ್ಕೈದು ಅಧ್ಯಾಪಕರಿಂದ ಬೇರೆಬೇರೆಯಾಗಿ ಕೇಳಿ ಸರಾಸರಿ ತೆಗೆಯಿರಿ. ಫಲಿತಾಂಶ ನೋಡಿದ ಮೇಲೆ ಎಳೆದರೆ ಗೆರೆ ತಾನಾಗಿ ಕೆಳಗಿಳಿಯುತ್ತದೆ. ಹೆಸರು ಮುಚ್ಚಿ ಇಬ್ಬರು ತಿದ್ದಲಿ. ಇಬ್ಬರ ಅಂಕ ತಾಳೆಯಾಗದಿದ್ದರೆ ದೋಷ ಸಾಮಾನ್ಯವಾಗಿ ಕೀಲಿಯಲ್ಲಿರುತ್ತದೆ, ಅದನ್ನೇ ತಿದ್ದಿ.

ಪತ್ರಿಕೆ ಮುಗಿದ ಮೇಲೆ ಎರಡು ನಿಮಿಷ ಕೈಗೂ ಕೆಲಸ ಕೊಡಿ: ‘ಹೆಬ್ಬೆರಳ ಬುಡದ ಆ ಗುಳಿ ತೋರಿಸು’. ಸರಿಯಾಗಿ ಬರೆದವರ ಬೆರಳೂ ಕೆಲವೊಮ್ಮೆ ಮಣಿಕಟ್ಟಿನ ಹಿಂಬದಿಯ ಉಬ್ಬಿನ ಮೇಲೆ ಕೂರುತ್ತದೆ. ಬರೆದದ್ದರ ಅಂಕ ಕಳೆಯಬೇಡಿ, ಇದನ್ನು ಪಕ್ಕದ ಕಾಲಂನಲ್ಲಿ ಬೇರೆಯಾಗಿ ದಾಖಲಿಸಿ.