ಹರಿವಿಗೆ ಬಾಗುವ ರಾಕೆಟ್ ನಾಝಲ್: ಸಿಮ್ಯುಲೇಶನ್ ಕಟ್ಟಿದ ನನ್ನ ಅನುಭವ

ತೆಳುವಾದ ಸ್ಟೀಲ್ ಲೋಟದ ಬಾಯಿಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ತಳ ಅಲುಗುವುದಿಲ್ಲ, ಬಾಯಿ ಮಾತ್ರ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗುತ್ತದೆ. ಅಂಚು ಮಡಚಿದ ಲೋಟ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ರಾಕೆಟ್ ನಾಝಲ್ (ಎಂಜಿನ್ನಿನ ಅನಿಲ ಹೊರಬೀಳುವ ಗಂಟೆಯಾಕಾರದ ಕೊಳವೆ) ಕೂಡ ಹೀಗೆಯೇ: ಅತಿ ಕಿರಿದಾದ ಕಂಠದ ಬಳಿ ಗಟ್ಟಿ, ಬಾಯಿಯ ಬಳಿ ಮೆದು. ಒಳಗಿನ ಹರಿವು ಸುತ್ತಲೂ ಸಮನಾಗಿ ಗೋಡೆಗೆ ಅಂಟಿಕೊಂಡಿದ್ದರೆ ತೊಂದರೆಯಿಲ್ಲ. ಹೊರಗಿನ ಗಾಳಿಯ ಒತ್ತಡಕ್ಕೆ ಸೋತು ಹರಿವು ನಡುದಾರಿಯಲ್ಲೇ ಗೋಡೆ ಬಿಟ್ಟರೆ ಅಲ್ಲಿಂದ ತಕರಾರು ಶುರು. ಇಸ್ರೋದ ಸಿಇ20 ಕ್ರಯೋಜೆನಿಕ್ ಎಂಜಿನ್ನಿನ ನಾಝಲ್‌ನ ವಿಸ್ತೀರ್ಣ ಅನುಪಾತ (ಬಾಯಿಯ ವಿಸ್ತೀರ್ಣ ಕಂಠದ್ದರ ಎಷ್ಟು ಪಟ್ಟು ಎಂಬುದು) 100, ಬಾಯಿಯಲ್ಲಿ ಒತ್ತಡ ಸುಮಾರು 50 ಮಿಲಿಬಾರ್. ಅದನ್ನು ಸಮುದ್ರಮಟ್ಟದ ಒತ್ತಡದಲ್ಲಿ ಉರಿಸಿದರೆ ಹರಿವು ಒಳಗೇ ಬಿಟ್ಟುಕೊಂಡು ನಾಝಲ್ ನಡುಗುತ್ತದೆ. 2024ರ ನವೆಂಬರ್ 29ರಂದು ಮಹೇಂದ್ರಗಿರಿಯಲ್ಲಿ ನಡೆದ ಪರೀಕ್ಷೆಗೆ ನಾಝಲ್ ರಕ್ಷಣಾ ವ್ಯವಸ್ಥೆ ಜೋಡಿಸಿದ್ದು ಈ ಕಾರಣಕ್ಕೇ.

ಈ ನಡುಕವನ್ನು ಕಂಪ್ಯೂಟರಿನಲ್ಲಿ ನೋಡಲು, ಹರಿವು ಮತ್ತು ಗೋಡೆ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ಸಿಮ್ಯುಲೇಶನ್ ಕಟ್ಟಿದೆ. ನೇರವಾಗಿ ಬಿಸಿ ಅನಿಲಕ್ಕೆ ಕೈ ಹಾಕಲಿಲ್ಲ. 300 ಕೆಲ್ವಿನ್ ಗಾಳಿ, 10 ಮಿ.ಮೀ. ಕಂಠದ ತ್ರಿಜ್ಯ, ವಿಸ್ತೀರ್ಣ ಅನುಪಾತ 20, ಅಂದರೆ ಬಾಯಿಯ ತ್ರಿಜ್ಯ 44.7 ಮಿ.ಮೀ. ಪ್ಯಾರಬೋಲಾ ಆಕಾರ, ಉದ್ದ 15 ಡಿಗ್ರಿ ಕೋನ್‌ನ 80 ಶೇಕಡಾ, ಸುಮಾರು 104 ಮಿ.ಮೀ. ಗೋಡೆ 0.3 ಮಿ.ಮೀ. ಉಕ್ಕು. ಕಂಠಕ್ಕೆ ಅನಿಲ ಕಳಿಸುವ ಕೊಠಡಿಯ ಒತ್ತಡ 25 ಬಾರ್, ಹೊರಗೆ 1 ಬಾರ್. ಹರಿವಿಗೆ ಓಪನ್‌ಫೋಮ್‌ನ ರೋಸೆಂಟ್ರಲ್‌ಫೋಮ್ (ಮೆಶ್, ಅಂದರೆ ಜಾಗವನ್ನು ಸಣ್ಣ ಸೆಲ್‌ಗಳಾಗಿ ಕತ್ತರಿಸಿದ ಜಾಲ, ಚಲಿಸಲು ಬಿಡುವ ಆವೃತ್ತಿಯೇ ಬೇಕು), ಗೋಡೆಗೆ ಕ್ಯಾಲ್ಕ್ಯುಲಿಕ್ಸ್, ಎರಡನ್ನೂ ಬೆಸೆಯಲು ಪ್ರಿಸೈಸ್. ಮೂರೂ ಉಚಿತ ಸಾಫ್ಟ್‌ವೇರ್. ಮೊದಲೆರಡು ಲೆಕ್ಕ ಬಿಡಿಸುವ ಸಾಲ್ವರ್‌ಗಳು.

ಕಂಪ್ಯೂಟರ್ ಮುಟ್ಟುವ ಮುಂಚೆ ಕೈಲೆಕ್ಕ. ಹರಿವು ಎಲ್ಲಿ ಗೋಡೆ ಬಿಡುತ್ತದೆ ಎಂಬುದಕ್ಕೆ ಶ್ಮುಕರ್ ಸೂತ್ರ ಸಾಕು: ಬಿಡುವ ಜಾಗದ ಒತ್ತಡವನ್ನು ಹೊರಗಿನ ಒತ್ತಡದಿಂದ ಭಾಗಿಸಿದರೆ (1.88 × ಮ್ಯಾಕ್ − 1)ರ −0.64 ಘಾತ. ಮ್ಯಾಕ್ ಅಂದರೆ ಹರಿವಿನ ವೇಗ ಶಬ್ದದ ವೇಗದ ಎಷ್ಟು ಪಟ್ಟು ಎಂಬುದು. ನಮ್ಮ ಅಂಕಿಗಳಿಗೆ ಮ್ಯಾಕ್ 3.5ರ ಆಸುಪಾಸು, ಒತ್ತಡ 0.33 ಬಾರ್, ವಿಸ್ತೀರ್ಣ ಅನುಪಾತ 6.7, ತ್ರಿಜ್ಯ 26 ಮಿ.ಮೀ. ಬರುತ್ತದೆ. ಪ್ಯಾರಬೋಲಾ ನಾಝಲ್‌ನಲ್ಲಿ ಗೋಡೆಯ ಮ್ಯಾಕ್ ಒಂದು ಆಯಾಮದ ಲೆಕ್ಕಕ್ಕೆ ಸರಿಯಾಗಿ ಹೊಂದುವುದಿಲ್ಲ, ಆದರೂ ಮೆಶ್ ಎಲ್ಲಿ ದಟ್ಟವಾಗಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ.

ಎರಡನೇ ಕೈಲೆಕ್ಕ ಗೋಡೆಯದು. ಬಾಯಿಯನ್ನು ಬಿಡಿ ಉಂಗುರ ಎಂದುಕೊಂಡರೆ ಮೊಟ್ಟೆಯಾಕಾರದ ಕಂಪನ ಸುಮಾರು 93 ಹರ್ಟ್ಸ್. ಇಡೀ ನಾಝಲ್‌ಗೆ ಅದಕ್ಕಿಂತ ಹೆಚ್ಚು ಬರಬೇಕು, ಏಕೆಂದರೆ ಮೇಲಿನ, ಅಂದರೆ ಕಂಠದ ಕಡೆಯ, ಸಣ್ಣ ಉಂಗುರಗಳು ಕೆಳಗಿನದನ್ನು ಹಿಡಿದಿರುತ್ತವೆ. ಕಡಿಮೆ ಬಂದರೆ ಸಾಂದ್ರತೆಯ ಯೂನಿಟ್ ತಪ್ಪಿದೆ. ಪ್ರಿಸೈಸ್ ಯೂನಿಟ್ ಬದಲಿಸಿಕೊಡುವುದಿಲ್ಲ, ಎರಡೂ ಕಡೆ ಮೀಟರ್, ಕಿಲೋಗ್ರಾಂ, ಸೆಕೆಂಡೇ ಇರಲಿ. ತೀರಾ ಹೆಚ್ಚು ಬಂದರೆ ಎಲಿಮೆಂಟ್ (ಗೋಡೆಯನ್ನು ಕತ್ತರಿಸಿದ ತುಂಡಿನ ಬಗೆ) ಆಯ್ಕೆ ತಪ್ಪಿದೆ. ಎಂಟು ಮೂಲೆಬಿಂದುಗಳ (ನೋಡ್) ಸಿ3ಡಿ8 ಅನ್ನು ದಪ್ಪಕ್ಕೆ ಒಂದೇ ಪದರ ಇಟ್ಟರೆ ಬಾಗುವಿಕೆಯಲ್ಲಿ ಅದು ಸೆಟೆದುಕೊಳ್ಳುತ್ತದೆ, ಆವರ್ತನ ಹಲವು ಪಟ್ಟು ಏರುತ್ತದೆ. ಇಪ್ಪತ್ತು ನೋಡ್‌ನ ಸಿ3ಡಿ20ಆರ್ ಒಂದು ಪದರ, ಸುತ್ತಳತೆಗೆ 96 ಎಲಿಮೆಂಟ್ ಇಟ್ಟರೆ ಈ ರಗಳೆ ಇಲ್ಲ.

ಈ ಹಂತದಲ್ಲಿ ಹೆಚ್ಚಿನವರು ಎಡವುವುದು ಹೊರಗಿನ ಒತ್ತಡದಲ್ಲಿ. ಹರಿವಿನ ಸಾಲ್ವರ್ ಕಳಿಸುವ ಬಲದಲ್ಲಿ ಒಳಗೋಡೆಯ ಪೂರ್ಣ ಒತ್ತಡ ಮಾತ್ರ ಇರುತ್ತದೆ. ಹೊರಮೈ ಮೇಲೆ 1 ಬಾರ್ ಕೂತಿದೆ ಎಂಬುದು ಕ್ಯಾಲ್ಕ್ಯುಲಿಕ್ಸ್‌ಗೆ ತಾನಾಗಿ ತಿಳಿಯದು. ಹೊರಮೈಗೆ ಡಿಲೋಡ್ (ಮೇಲ್ಮೈಗೆ ಹೊರೆ ಕೊಡುವ ಆದೇಶ) ಆಗಿ 1 ಲಕ್ಷ ಪಾಸ್ಕಲ್ ಕೊಡದಿದ್ದರೆ ನಾಝಲ್ ಬಲೂನಿನಂತೆ ಉಬ್ಬಿದ ಚಿತ್ರ ಬರುತ್ತದೆ. ನಿಜದಲ್ಲಿ ಹರಿವು ಬಿಡುವ ಜಾಗಕ್ಕೆ ತುಸು ಮೇಲೆ ಒಳಗೆ 0.33 ಬಾರ್, ಹೊರಗೆ 1 ಬಾರ್. ಗೋಡೆ ಒಳಕ್ಕೆ ಒತ್ತಿಹೋಗುತ್ತಿದೆ. ಆ 67 ಕಿಲೋಪಾಸ್ಕಲ್ ಸಣ್ಣದಲ್ಲ. 26 ಮಿ.ಮೀ. ತ್ರಿಜ್ಯದ ಉದ್ದ ಕೊಳವೆ 0.3 ಮಿ.ಮೀ. ಗೋಡೆಯಲ್ಲಿ ಕುಸಿಯುವ ಒತ್ತಡವೇ ಸುಮಾರು 84 ಕಿಲೋಪಾಸ್ಕಲ್. ನಾಝಲ್ ಉದ್ದ ಕೊಳವೆಯಲ್ಲ, ಕಂಠದ ಹಿಡಿತವಿದೆ, ಹಾಗಾಗಿ ತಡೆಯುತ್ತದೆ. ಆದರೆ ಒಳಮುಖದ ಒತ್ತಡ ಬಿಗಿತವನ್ನು ತಿನ್ನುತ್ತದೆ, ಆವರ್ತನ ಇಳಿಯುತ್ತದೆ. ಆದ್ದರಿಂದ ಮೋಡ್ ಲೆಕ್ಕವನ್ನು (ಗೋಡೆ ಯಾವ ಆಕಾರದಲ್ಲಿ, ಯಾವ ಆವರ್ತನದಲ್ಲಿ ಕಂಪಿಸುತ್ತದೆ ಎಂಬುದನ್ನು) ಒಮ್ಮೆ ಬರಿಗೋಡೆಗೆ, ಇನ್ನೊಮ್ಮೆ ಈ ಒತ್ತಡ ಹೊರಿಸಿ, ಎರಡು ಸಲ ಮಾಡಿ ಬರೆದಿಟ್ಟುಕೊಳ್ಳುತ್ತೇನೆ. ಈ ಒತ್ತಡ ಸುತ್ತಲೂ ಸಮನಾಗಿದ್ದರೆ ತ್ರಿಜ್ಯ ಬದಲಾಗುವುದು ಒಂದು ಮೈಕ್ರೋಮೀಟರ್‌ಗೂ ಕಡಿಮೆ. ಹುಡುಕಬೇಕಾದದ್ದು ಅದನ್ನಲ್ಲ, ವೃತ್ತ ವೃತ್ತವಾಗಿ ಉಳಿಯದಿರುವುದನ್ನು.

ಇನ್ನು ಹರಿವಿನ ಮೆಶ್. ಗೋಡೆಯ ಪಕ್ಕ ವೈ-ಪ್ಲಸ್ (ಗೋಡೆಯಿಂದ ಮೊದಲ ಸೆಲ್‌ನ ದೂರವನ್ನು ಹರಿವಿಗೆ ತಕ್ಕಂತೆ ಅಳೆಯುವ ಸಂಖ್ಯೆ) 1 ಬೇಕೆಂದರೆ, ಹರಿವು ಬಿಡುವ ಜಾಗದಲ್ಲಿ ಮೊದಲ ಸೆಲ್ 2 ಮೈಕ್ರೋಮೀಟರ್. ಸಿಎಫ್‌ಎಲ್ (ಒಂದು ಸ್ಟೆಪ್‌ನಲ್ಲಿ ಅಲೆ ಸೆಲ್‌ನ ಎಷ್ಟು ಪಾಲು ದಾಟಬಹುದು ಎಂಬುದು) 0.2 ಇಟ್ಟರೆ ಟೈಮ್ ಸ್ಟೆಪ್ ಸುಮಾರು 1 ನ್ಯಾನೊಸೆಕೆಂಡ್. ಮೂರು ನಾಲ್ಕು ಕಂಪನ ಕಾಣಲು 40 ಮಿಲಿಸೆಕೆಂಡ್ ಓಡಿಸಬೇಕು, ಅಂದರೆ ನಾಲ್ಕು ಕೋಟಿ ಸ್ಟೆಪ್. ಆಗದ ಮಾತು. ವೈ-ಪ್ಲಸ್ 30 ಎಂದು ಮೊದಲ ಸೆಲ್ 70 ಮೈಕ್ರೋಮೀಟರ್ ಮಾಡಿದರೆ ಸ್ಟೆಪ್ 40 ನ್ಯಾನೊಸೆಕೆಂಡ್, ಒಟ್ಟು ಹತ್ತು ಲಕ್ಷ. ನಾನು ಮಾಡಿದ್ದು ಹೀಗೆ: ಗೋಡೆವರೆಗೂ ಬಿಡಿಸಿದ ಮೆಶ್ಶನ್ನು ವೆಡ್ಜ್ (ಅಕ್ಷದಿಂದ ಕತ್ತರಿಸಿದ ತೆಳು ಹೋಳು) ಮಾದರಿಯಲ್ಲಿ ಮಾತ್ರ ಓಡಿಸಿ ಗೋಡೆಯ ಒತ್ತಡದ ರೇಖೆ ತೆಗೆದೆ, 360 ಡಿಗ್ರಿಗೆ ವಾಲ್ ಫಂಕ್ಷನ್ (ಗೋಡೆ ಪಕ್ಕದ ಪದರವನ್ನು ಬಿಡಿಸದೆ ಸೂತ್ರದಿಂದ ತುಂಬುವುದು) ಬಳಸಿ ಅದೇ ರೇಖೆಗೆ ಹೋಲಿಸಿದೆ. ಕೆ-ಒಮೆಗಾ ಎಸ್‌ಎಸ್‌ಟಿ ಎಂಬ ಟರ್ಬುಲೆನ್ಸ್ (ಹರಿವಿನ ಸುಳಿಗಳ) ಮಾದರಿ ಹರಿವನ್ನು ಸ್ವಲ್ಪ ಬೇಗ, ಮೇಲೆಯೇ ಬಿಡಿಸುತ್ತದೆ. ಅದರ ಎ1 ಸ್ಥಿರಾಂಕವನ್ನು 0.31ರಿಂದ 0.34–0.35ಕ್ಕೆ ಏರಿಸಿದರೆ ಬಿಡುವ ಜಾಗ ಕೆಳಗೆ ಸರಿಯುತ್ತದೆ. ಇದು ಒಗ್ಗರಣೆ ಇದ್ದಂತೆ. ಎಷ್ಟು ಹಾಕಿದಿರಿ ಎಂದು ಬರೆದಿಡಿ, ಪ್ರಯೋಗದ ರೇಖೆ ಇಲ್ಲದೆ ಹಾಕಬೇಡಿ.

ಕಂಠದ ಬಳಿ ಮೆಶ್‌ನ ಬ್ಲಾಕ್ ಕುಗ್ಗಿದಾಗ ಮೊದಲ ಪದರವೂ ತೆಳ್ಳಗಾಗಿ ಟೈಮ್ ಸ್ಟೆಪ್ ಅಲ್ಲೇ ಕುಸಿಯುತ್ತದೆ. ಅಲ್ಲಿನ ಗ್ರೇಡಿಂಗ್ (ಸೆಲ್‌ಗಳ ಗಾತ್ರ ಏರುವ ಕ್ರಮ) ಬೇರೆ ಕೊಡಬೇಕು. ಅಕ್ಷದ ಸುತ್ತ ಓ-ಗ್ರಿಡ್ (ನಡುವೆ ಚೌಕ, ಸುತ್ತ ಉಂಗುರದಂತೆ ಜೋಡಿಸಿದ ಸೆಲ್‌ಗಳು) ಬೇಕೇ ಬೇಕು. ಕಾಲುಭಾಗದ ಮಾದರಿ ಓಡಿಸಿ ಸಮಯ ಉಳಿಸುವ ಆಸೆ ಬೇಡ, ಅದರಲ್ಲಿ ಪಕ್ಕಕ್ಕೆ ಎಳೆಯುವ ಬಲ ಹುಟ್ಟುವುದೇ ಇಲ್ಲ. ಒಳಗೆ 300 × 60 × 96 ಲೆಕ್ಕದಲ್ಲಿ 17 ಲಕ್ಷ ಸೆಲ್, ಹೊರಗಿನ ಜೆಟ್‌ಗೆ ಇನ್ನೊಂದು ಹತ್ತು ಲಕ್ಷ. 64 ಕೋರ್‌ಗಳಲ್ಲಿ ಕೆಲವು ದಿನ. ಹರಿವಿನ ಉಷ್ಣಾಂಶ ಮ್ಯಾಕ್ 3.5ಕ್ಕೇ 87 ಕೆಲ್ವಿನ್‌ಗೆ ಇಳಿಯುವುದರಿಂದ, 200 ಕೆಲ್ವಿನ್‌ನಿಂದ ಶುರುವಾಗುವ, ಅನಿಲದ ಉಷ್ಣಗುಣಗಳ ಜಾನಾಫ್ ಕೋಷ್ಟಕ ಇಲ್ಲಿ ಕೆಲಸಕ್ಕೆ ಬಾರದು. ಸ್ಥಿರ ಸಿಪಿ (ವಿಶಿಷ್ಟ ಉಷ್ಣ) ಸಾಕು.

ಎರಡನ್ನೂ ಬೆಸೆಯುವಾಗ ಮೊದಲ ಪ್ರಶ್ನೆ ಇಂಪ್ಲಿಸಿಟ್ ಬೇಕೋ ಎಕ್ಸ್‌ಪ್ಲಿಸಿಟ್ ಸಾಕೋ ಎಂಬುದು. ಎಕ್ಸ್‌ಪ್ಲಿಸಿಟ್‌ನಲ್ಲಿ ಪ್ರತಿ ವಿಂಡೋ (ಎರಡು ಸಾಲ್ವರ್‌ಗಳ ಒಂದು ಮಾಹಿತಿ ವಿನಿಮಯದಿಂದ ಇನ್ನೊಂದರವರೆಗಿನ ಅವಧಿ) ಒಮ್ಮೆ ಮಾತ್ರ ಓಡುತ್ತದೆ, ಇಂಪ್ಲಿಸಿಟ್‌ನಲ್ಲಿ ಎರಡೂ ಕಡೆ ಹೊಂದುವವರೆಗೆ ಮತ್ತೆ ಮತ್ತೆ. ಗೋಡೆಯ ತೂಕ ಚದರ ಮೀಟರ್‌ಗೆ 2.4 ಕೆ.ಜಿ., ಅದರ ಜೊತೆ ಅಲುಗುವ ಅನಿಲ ಅದರ ನೂರನೇ ಒಂದು ಪಾಲು. ಹೀಗಿರುವಾಗ ಒಂದಾದ ಮೇಲೊಂದು ಓಡಿಸುವ ಸೀರಿಯಲ್-ಎಕ್ಸ್‌ಪ್ಲಿಸಿಟ್ ಸ್ಥಿರವಾಗಿಯೇ ಓಡುತ್ತದೆ. ಇಂಪ್ಲಿಸಿಟ್ ಹಾಕಿದರೆ ಪ್ರತಿ ವಿಂಡೋ ಮೂರು ನಾಲ್ಕು ಸಲ ಓಡಿ ಖರ್ಚು ಅಷ್ಟೇ ಪಟ್ಟು. ವಿಂಡೋ 10 ಮೈಕ್ರೋಸೆಕೆಂಡ್, ಒಳಗೆ ಹರಿವಿನ 250 ಸ್ಟೆಪ್. ಒಂದು ಮೆಶ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಬಲಕ್ಕೆ ಕನ್ಸರ್ವೇಟಿವ್ ಮ್ಯಾಪಿಂಗ್ (ಮೊತ್ತ ಉಳಿಯುತ್ತದೆ), ಸ್ಥಾನಪಲ್ಲಟಕ್ಕೆ ಕನ್ಸಿಸ್ಟೆಂಟ್ (ಬೆಲೆ ಉಳಿಯುತ್ತದೆ). ತಿರುವುಮುರುವಾದರೆ ಒಟ್ಟು ಬಲ ಎರಡೂ ಕಡೆ ಬೇರೆ ಬೇರೆ ಬರುತ್ತದೆ. ಮೊದಲ ವಿಂಡೋದಲ್ಲೇ ಕೂಡಿಸಿ ನೋಡಿದರೆ ಸಿಕ್ಕಿಬೀಳುತ್ತದೆ.

ಅತಿ ಸೂಕ್ಷ್ಮವಾದ ತಪ್ಪು ಈ 250 ಸ್ಟೆಪ್‌ಗಳಲ್ಲಿ ಅಡಗಿರುತ್ತದೆ. ಗೋಡೆ ವಿಂಡೋ ಪೂರ್ತಿ ಸರಿಯಬೇಕಾದ ದೂರವನ್ನು ಮೊದಲ 40 ನ್ಯಾನೊಸೆಕೆಂಡಿನಲ್ಲೇ ಸರಿದು, ಉಳಿದ 249 ಸ್ಟೆಪ್ ಸುಮ್ಮನೆ ನಿಂತರೆ, ಅನಿಲಕ್ಕೆ ಕಾಣುವ ಗೋಡೆಯ ವೇಗ 250 ಪಟ್ಟು. 0.2 ಮಿ.ಮೀ. ಕಂಪನ 200 ಹರ್ಟ್ಸ್‌ನಲ್ಲಿ ಎಂದಿಟ್ಟುಕೊಂಡರೆ ನಿಜವಾದ ವೇಗ ಸೆಕೆಂಡಿಗೆ 0.25 ಮೀಟರ್, ಸುಳ್ಳು ವೇಗ 63 ಮೀಟರ್. ಗೋಡೆಯ ಒತ್ತಡದ ಪ್ರೋಬ್‌ನಲ್ಲಿ 10 ಮೈಕ್ರೋಸೆಕೆಂಡಿಗೊಂದು ಸೂಜಿ ಎದ್ದರೆ ಕಾರಣ ಇದೇ. ಗೋಡೆಯ ಸಾಲ್ವರ್ ಮೊದಲು ಓಡಿ, ಅದರ ಉತ್ತರ ವಿಂಡೋದ ಉದ್ದಕ್ಕೂ ನೇರ ರೇಖೆಯಲ್ಲಿ ಹಂಚಿಕೊಳ್ಳುವಂತೆ ಮಾಡಬೇಕು. ಚಲಿಸುವ ಗೋಡೆಗೆ ವೇಗದ ಗಡಿ ಷರತ್ತು ಮೂವಿಂಗ್‌ವಾಲ್‌ವೆಲಾಸಿಟಿ; ಅಭ್ಯಾಸಬಲದಿಂದ ಸೊನ್ನೆ ಬರೆದರೆ ಗೋಡೆಯ ಮೂಲಕ ಅನಿಲ ಸೋರುತ್ತದೆ. ಮೆಶ್ ಚಲನೆಗೆ ಲಾಪ್ಲಾಸಿಯನ್ (ಗೋಡೆಯ ಚಲನೆಯನ್ನು ಒಳಗಿನ ಸೆಲ್‌ಗಳಿಗೆ ನಯವಾಗಿ ಹರಡುವ ಸಮೀಕರಣ), ಗೋಡೆಯಿಂದ ದೂರದ ವರ್ಗಕ್ಕೆ ವಿಲೋಮವಾದ ಡಿಫ್ಯೂಸಿವಿಟಿ. ಆಗ ತೆಳು ಪದರಗಳು ಗೋಡೆಯ ಜೊತೆ ಒಟ್ಟಾಗಿ ಸರಿಯುತ್ತವೆ.

ಆರಂಭವನ್ನು ಮೆಲ್ಲಗೆ ಮಾಡಿ: ಗೋಡೆ ಬಿಗಿಯಾಗಿಟ್ಟು, ಒಂದನೇ ದರ್ಜೆಯ ಸ್ಕೀಮ್‌ನಲ್ಲಿ ಒತ್ತಡ ಏರಿಸಿ, ಹರಿವು ನೆಲೆನಿಂತ ಮೇಲೆ ಹೆಚ್ಚು ನಿಖರವಾದ ವ್ಯಾನ್ ಲೀರ್‌ಗೆ ಬದಲಿಸಿ, ಆಮೇಲೆ ಬೆಸುಗೆ.

ಹರಿವು ಕಂಪನಕ್ಕೆ ಶಕ್ತಿ ತುಂಬುತ್ತಿದೆಯೋ ಹೀರುತ್ತಿದೆಯೋ ಎಂದು ತಿಳಿಯಲು, ಬಾಯಿಯನ್ನು ಮೊಟ್ಟೆಯಾಕಾರದ ಮೋಡ್‌ನಲ್ಲಿ 0.2 ಮಿ.ಮೀ. ಒತ್ತಿ ಬಿಡುತ್ತೇನೆ. ಗೋಡೆಯ ದಪ್ಪಕ್ಕಿಂತ ಕಡಿಮೆ ಇರುವುದರಿಂದ ರೇಖೀಯ ಮಿತಿಯಲ್ಲೇ ಇರುತ್ತದೆ. ಮೊದಲು ಹರಿವಿಲ್ಲದೆ: ವೈಶಾಲ್ಯ ಕುಗ್ಗಬಾರದು, ಕುಗ್ಗಿದರೆ ಅದು ಕ್ಯಾಲ್ಕ್ಯುಲಿಕ್ಸ್‌ನ ಆಲ್ಫಾ (ಸಮಯದ ಲೆಕ್ಕದಲ್ಲಿ ಕಂಪನ ತಗ್ಗಿಸುವ ಗುಣಾಂಕ) ತಂದ ಕೃತಕ ತಡೆ. ನಂತರ ಹರಿವಿನೊಂದಿಗೆ. ವೈಶಾಲ್ಯ ಏರತೊಡಗಿದರೂ ಹಿಗ್ಗಬೇಡಿ. ಎಕ್ಸ್‌ಪ್ಲಿಸಿಟ್ ಬೆಸುಗೆಯಲ್ಲಿ ಬಲ ಒಂದು ವಿಂಡೋ ಹಿಂದಿರುತ್ತದೆ, ಆ ತಡವೇ ಸುಳ್ಳು ಶಕ್ತಿ ತುಂಬಬಲ್ಲದು. ವಿಂಡೋ 5 ಮೈಕ್ರೋಸೆಕೆಂಡ್ ಮಾಡಿ ಮತ್ತೆ ಓಡಿಸಿ. ಏರಿಕೆಯ ದರ ಅರ್ಧವಾದರೆ ಅದು ಲೆಕ್ಕದ ಕಿತಾಪತಿ, ಹಾಗೆಯೇ ಉಳಿದರೆ ನಾಝಲ್‌ದು.

ಫಲಿತಾಂಶ ಓದಲು ಬಣ್ಣದ ಚಿತ್ರಕ್ಕಿಂತ ಫೂರಿಯರ್ ಗುಣಾಂಕಗಳು (ಸುತ್ತಲಿನ ಆಕಾರವನ್ನು ಬಿಡಿ ಅಲೆಗಳಾಗಿ ಒಡೆದಾಗ ಸಿಗುವ ಅಂಕಿಗಳು) ಮೇಲು. ಬಾಯಿಯ ಸುತ್ತ 96 ಬಿಂದುಗಳ ತ್ರಿಜ್ಯದ ಪಲ್ಲಟ ತೆಗೆದು ಬಿಡಿಸಿದರೆ ಸೊನ್ನೆ ಅಂದರೆ ಉಸಿರಾಟ, ಒಂದು ಅಂದರೆ ಪಕ್ಕಕ್ಕೆ ತೂಗುವುದು, ಎರಡು ಅಂದರೆ ಮೊಟ್ಟೆಯಾಕಾರ. ಒಂದನೆಯದು ಏಕಾಏಕಿ ಜಿಗಿದರೆ ಹರಿವಿನ ಚಿತ್ರ ನೋಡಿ: ಬಿಟ್ಟ ಹರಿವು ಒಂದು ಬದಿಯಲ್ಲಿ ಮತ್ತೆ ಗೋಡೆಗೆ ಅಂಟಿಕೊಂಡಿರಬಹುದು. ಅಮೆರಿಕದ ಜೆ-2ಎಸ್ ಎಂಜಿನ್ನಿನ ಕಿರುಮಾದರಿ ಪರೀಕ್ಷೆಗಳಲ್ಲಿ ಈ ಮರು-ಅಂಟುವಿಕೆ ಕಂಡದ್ದು 1973ರಲ್ಲಿ ವರದಿಯಾಯಿತು. ಪ್ಯಾರಬೋಲಾ ನಾಝಲ್‌ಗಳಲ್ಲಿ ದೊಡ್ಡ ಪಾರ್ಶ್ವಬಲ ಬರುವುದು ಈ ಬದಲಾವಣೆಯ ಕ್ಷಣದಲ್ಲೇ. ಎರಡನೆಯದು ಬೆಳೆಯುತ್ತಿದ್ದರೆ ಬಾಯಿಗೊಂದು ಉಂಗುರ ಹಾಕಿ ಮತ್ತೆ ಓಡಿಸಿ. ಆಗ ಹರಿವಿನ ಮೆಶ್ ಮುಟ್ಟಬೇಕಾಗಿಲ್ಲ, ಬದಲಾಗುವುದು ಕ್ಯಾಲ್ಕ್ಯುಲಿಕ್ಸ್ ಫೈಲ್ ಒಂದೇ.