ಏಳು ಬಾಗಿಲುಗಳ ಒಪೆರಾ ಬಸವನಗುಡಿಯ ಮನೆಗೆ ಬಂದ ಬಗೆ

ಹಂಗೇರಿಯ ಸಂಗೀತಕಾರ ಬೇಲಾ ಬಾರ್ಟೋಕ್‌ನ ‘ಬ್ಲೂಬಿಯರ್ಡ್ಸ್ ಕ್ಯಾಸಲ್’ ಒಪೆರಾವನ್ನು ಕನ್ನಡದಲ್ಲಿ ಸೈಕಲಾಜಿಕಲ್ ಥ್ರಿಲ್ಲರ್ ಮಾಡುತ್ತೇನೆಂದಾಗ ಗಾಂಧಿನಗರದಲ್ಲಿ ನನಗೆ ಸಿಕ್ಕ ಪ್ರಶ್ನೆ ಒಂದೇ: ಹಾಡಿಲ್ಲ, ಫೈಟಿಲ್ಲ, ಇಬ್ಬರೇ ಪಾತ್ರಧಾರಿಗಳು, ಯಾರು ನೋಡುತ್ತಾರೆ? ಹೊಸದಾಗಿ ಮದುವೆಯಾಗಿ ಬಂದ ಜುಡಿತ್, ಗಂಡ ಬ್ಲೂಬಿಯರ್ಡ್‌ನ ಕತ್ತಲ ಕೋಟೆಯಲ್ಲಿ ಮುಚ್ಚಿದ ಏಳು ಬಾಗಿಲುಗಳನ್ನು ಹಟ ಹಿಡಿದು ಒಂದೊಂದಾಗಿ ತೆರೆಸುವ ಕಥೆಯಿದು, ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕ. ನನಗೆ ಬೇಕಿದ್ದುದೂ ಆ ಇಬ್ಬರು ಮತ್ತು ಒಂದು ಮನೆ ಮಾತ್ರ. 1918ರಲ್ಲಿ ಬುಡಾಪೆಸ್ಟ್‌ನಲ್ಲಿ ರಂಗಕ್ಕೇರಿದ ಈ ಕೃತಿಯ ಸಂಗೀತಕಾರ 1945ರಲ್ಲೂ, ಸಾಹಿತ್ಯ ಬರೆದ ಬೇಲಾ ಬಲಾಜ್ 1949ರಲ್ಲೂ ತೀರಿಕೊಂಡಿರುವುದರಿಂದ ನಮ್ಮ ಕೃತಿಸ್ವಾಮ್ಯ ಕಾಯಿದೆಯ 60 ವರ್ಷಗಳ ಅವಧಿ ಎಂದೋ ಮುಗಿದಿದೆ. ಕಥೆಯ ಹಕ್ಕಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಖರ್ಚಾದದ್ದು ಪ್ರಯೋಗಗಳಿಗೆ. ಒಪೆರಾದ ಸಾಲುಗಳನ್ನೇ ಸಂಭಾಷಣೆಯಾಗಿಸಿದಾಗ ಕಲಾವಿದರ ದನಿ ತಾನಾಗಿಯೇ ಏರಿ, ಭಯವೆಲ್ಲ ಕರಗಿಹೋಯಿತು. ಸ್ವರಪ್ರತಿಯಲ್ಲಿ ಪ್ರತಿ ಬಾಗಿಲಿಗೂ ಬೆಳಕಿನ ಬಣ್ಣ ಸೂಚಿಸಲಾಗಿದೆ: ಮೊದಲನೆಯದಕ್ಕೆ ರಕ್ತಗೆಂಪು, ಮೂರನೆಯದಕ್ಕೆ ಹೊನ್ನಿನ ಬಣ್ಣ. ದೀಪಗಳಿಗೆ ಜೆಲ್ ಎಂಬ ಬಣ್ಣದ ಹಾಳೆ ಹಾಕಿ ಅದನ್ನು ಹಾಗೆಯೇ ತಂದಾಗ ನಡುಮನೆ ಗಣೇಶನ ಪೆಂಡಾಲಿನಂತೆ ಕಂಡಿತು. ಮನೆ ಬಾಡಿಗೆ ದಿನಕ್ಕೆ ಸುಮಾರು 20 ಸಾವಿರ, ಜನರೇಟರ್ ಮತ್ತು ಯೂನಿಟ್‌ನವರ ದಿನಭತ್ಯೆ ಬೇರೆ. ಆ ವಾರದ ಫುಟೇಜು ಪೂರ್ತಿ ನೀರುಪಾಲಾಯಿತು.

ಕೊನೆಗೆ ಕೈಹಿಡಿದದ್ದು, ಸಂಕಲನಕಾರರೇ ಹುಚ್ಚಾಟವೆಂದ ಉಪಾಯ. ದೃಶ್ಯಗಳನ್ನೆಲ್ಲ ಒಪೆರಾದ ಹಳೆಯ ಧ್ವನಿಮುದ್ರಿಕೆಯನ್ನು ಗೈಡ್ ಟ್ರ್ಯಾಕ್ ಆಗಿಟ್ಟು ಕತ್ತರಿಸಿ, ಆಮೇಲೆ ಆ ಟ್ರ್ಯಾಕನ್ನೇ ಪೂರ್ತಿ ಅಳಿಸಿದೆವು. ಸಂಗೀತ ಹೋದರೂ ಅದರ ಲಯ ಕಟ್‌ಗಳಲ್ಲಿ ಉಳಿದು, ಚಿಲಕದ ಸದ್ದಿಗೂ ಮುಂದಿನ ಮಾತಿಗೂ ನಡುವೆ ಯಾವ ಥ್ರಿಲ್ಲರ್‌ನಲ್ಲೂ ಬಿಡದಷ್ಟು ಮೌನ ಬಿದ್ದಿತು. ಐದನೆಯ ಬಾಗಿಲಿನಲ್ಲಿ ಬ್ಲೂಬಿಯರ್ಡ್ ತನ್ನ ರಾಜ್ಯವನ್ನು ತೋರಿಸುವಾಗ ಇಡೀ ವಾದ್ಯವೃಂದ ಆರ್ಗನ್ನಿನೊಡನೆ ಮೊಳಗುತ್ತದೆ. ಜುಡಿತ್ ಮಾತ್ರ ಭಾವವಿಲ್ಲದ ಸಣ್ಣ ದನಿಯಲ್ಲಿ ಉತ್ತರಿಸುತ್ತಾಳೆ. ನಮ್ಮಲ್ಲಿ ಆ ಬಾಗಿಲು ತೆರೆಯುವುದು ತಾರಸಿಗೆ. ಗಂಡ ತನ್ನ ಸೈಟುಗಳಿರುವ ದಿಕ್ಕುಗಳನ್ನು ಒಂದೊಂದಾಗಿ ಬೆರಳು ಮಾಡಿ ತೋರಿಸುತ್ತಾನೆ, ಹೆಂಡತಿ ಒಣಗಿದ ಸೀರೆಯನ್ನು ಮಡಿಸುತ್ತ ‘ಚೆನ್ನಾಗಿದೆ ರೀ’ ಎನ್ನುತ್ತಾಳೆ. ಪ್ರಿವ್ಯೂಗಳಲ್ಲಿ ಜನ ಕುರ್ಚಿಯಲ್ಲಿ ಸರಿದು ಕುಳಿತದ್ದು ಅಲ್ಲಿಯೇ, ರಕ್ತ ಕಂಡಾಗಲ್ಲ.

ನಡುವೆ ಇನ್ನೊಂದು ಹುಚ್ಚೂ ನಡೆಯಿತು. ಒಪೆರಾದಲ್ಲಿ ರಕ್ತ ಕಂಡಾಗಲೆಲ್ಲ ಪಕ್ಕಪಕ್ಕದ ಎರಡು ಸ್ವರಗಳು ಒಂದಕ್ಕೊಂದು ತಿಕ್ಕುತ್ತವೆ. ಎರಡು ತಂಬೂರಿ ತರಿಸಿ, ಒಂದರ ಷಡ್ಜಕ್ಕೆ ಇನ್ನೊಂದರಲ್ಲಿ ಅದರ ಪಕ್ಕದ ಸ್ವರವಾದ ಕರ್ನಾಟಕ ಸಂಗೀತದ ಶುದ್ಧ ರಿಷಭವನ್ನು ಶ್ರುತಿ ಮಾಡಿಸಿದೆ. ನುಡಿಸಲು ಬಂದ ವಿದ್ವಾಂಸರು ಕಿವಿ ಮುಚ್ಚಿಕೊಂಡರು. ಎರಡೇ ಕಡೆ ಬಳಸಿದ್ದೇನೆ, ಅದೂ ಕೇಳಿಸಿತೋ ಇಲ್ಲವೋ ಎಂಬಷ್ಟು. ಆರನೆಯ ಬಾಗಿಲಿನ ಕಣ್ಣೀರಿನ ಸರೋವರ ನಮ್ಮಲ್ಲಿ ಅಂಗಳದ ಸಂಪು. ಅದರೊಳಗಿನ ಸದ್ದನ್ನು ಹೇಗೆ ಹಿಡಿದೆವೆಂಬುದನ್ನು ಸದ್ಯಕ್ಕೆ ಬಿಟ್ಟುಕೊಡಲಾರೆ.

ಒಟ್ಟು ಖರ್ಚು 40 ಲಕ್ಷದ ಆಸುಪಾಸು. ಚಿತ್ರಮಂದಿರದಿಂದ ಆರೇಳು ಲಕ್ಷ ಬಂದಿರಬಹುದು, ಓಟಿಟಿ ಹಕ್ಕಿನಿಂದ 30ರ ಹತ್ತಿರ. ಉಳಿದದ್ದಕ್ಕೆ ತೆಲುಗು ಡಬ್ಬಿಂಗ್ ಮಾತುಕತೆ ನಡೆಯುತ್ತಿದೆ.